ಜೇನುಹುಳು ಹಾಗೂ ಕಣಜದ ಕಡಿತ: ಅಸಾಮಾನ್ಯ ಅಲರ್ಜಿ ಮತ್ತು ವೈದ್ಯಕೀಯ ಪರಿಣಾಮಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ

(ಬೈಲಹೊಂಗಲ, ಚನ್ನಮ್ಮನ ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳು, ಬೆಳಗಾವಿ ಜಿಲ್ಲೆ)

1. ಪೀಠಿಕೆ

ಬೆಳಗಾವಿ ಜಿಲ್ಲೆಯ ಮೇಲ್ಕಂಡ ನಾಲ್ಕು ತಾಲ್ಲೂಕುಗಳಲ್ಲಿ ರೈತರು, ಕಬ್ಬು ಕಟಾವಿನ ಕಾರ್ಮಿಕರು, ಕುರಿಗಾಹಿಗಳು, ಕಟ್ಟಡ ಕಾರ್ಮಿಕರು, ಶಾಲಾ ಮಕ್ಕಳು ಹಾಗೂ ಯಾತ್ರಾರ್ಥಿಗಳು ಜೇನುಹುಳು ಮತ್ತು ಕಣಜದ ಕಡಿತಕ್ಕೆ ಒಳಗಾಗುವ ಸಂದರ್ಭಗಳು ಉಂಟಾಗುತ್ತವೆ. ಬಹುಪಾಲು ಕಡಿತಗಳು ನೋವು ಹಾಗೂ ಬಾವನ್ನಷ್ಟೇ ಉಂಟುಮಾಡಿ ಒಂದೆರಡು ದಿನಗಳಲ್ಲಿ ತಾವಾಗಿಯೇ ಗುಣವಾಗುತ್ತವೆ. ಆದರೆ ಕೆಲವರಿಗೆ ಒಂದೇ ಒಂದು ಹುಳು ಕಡಿದರೂ ಅರ್ಧ ಗಂಟೆಯೊಳಗೆ ಪ್ರಾಣಾಪಾಯ ಒದಗಬಹುದು. ಮತ್ತೆ ಕೆಲವರು ನೂರಾರು ಹುಳು ಕಡಿದ ದಿನ ನಡೆದಾಡಿಕೊಂಡಿದ್ದು, ಎರಡನೆಯ ಅಥವಾ ಮೂರನೆಯ ದಿನ ಮೂತ್ರಪಿಂಡ ವಿಫಲಗೊಂಡು ಆಸ್ಪತ್ರೆಗೆ ಬರುವುದುಂಟು.

ಇವೆರಡೂ ಬೇರೆ ಬೇರೆ ಕಾರಣಗಳಿಂದ ಉಂಟಾಗುವ, ಬೇರೆ ಬೇರೆ ಚಿಕಿತ್ಸೆ ಬೇಡುವ ತೊಂದರೆಗಳಾಗಿರುತ್ತವೆ. ಕಡಿದ ವೇಳೆ ಮತ್ತು ಕಡಿದ ಹುಳುಗಳ ಅಂದಾಜು ಸಂಖ್ಯೆ, ಈ ಎರಡು ಸಂಗತಿಗಳು ತಿಳಿದಿದ್ದಲ್ಲಿ ವೈದ್ಯರಿಗೆ ಸರಿಯಾದ ಚಿಕಿತ್ಸೆ ನಿರ್ಧರಿಸಲು ಅನುಕೂಲವಾಗುತ್ತದೆ. ಮುಂದೆ ವಿಮೆ ಅಥವಾ ಇತರೆ ಸೌಲಭ್ಯಕ್ಕಾಗಿ ಅರ್ಜಿ ಸಲ್ಲಿಸುವ ಸಂದರ್ಭದಲ್ಲಿಯೂ ಇದೇ ದಾಖಲೆ ಆಧಾರವಾಗುತ್ತದೆ. ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

2. ಈ ಭಾಗದಲ್ಲಿ ಕಂಡುಬರುವ ಹುಳುಗಳು

ಅ) ಹೆಜ್ಜೇನು: ಎತ್ತರದ ಮರ, ಬಂಡೆ, ಕೋಟೆಗೋಡೆ, ಸೇತುವೆ, ನೀರಿನ ಮೇಲ್ತೊಟ್ಟಿ, ಶಾಲೆ ಹಾಗೂ ಕಚೇರಿ ಕಟ್ಟಡಗಳ ಸೂರಿನಡಿ ಒಂದೇ ದೊಡ್ಡ ಹಲ್ಲೆಯಾಗಿ ಬಯಲಿನಲ್ಲಿಯೇ ಗೂಡು ಕಟ್ಟುತ್ತದೆ. ಕೆಣಕಿದಲ್ಲಿ ಗುಂಪಾಗಿ ಎರಗಿ ಬಹುದೂರ ಬೆನ್ನಟ್ಟುವ ಸ್ವಭಾವ ಇದಕ್ಕಿದೆ. ಒಂದೇ ಬಾರಿಗೆ ಅನೇಕ ಜನ ಗಾಯಗೊಳ್ಳುವ ಪ್ರಕರಣಗಳು ಸಾಮಾನ್ಯವಾಗಿ ಹೆಜ್ಜೇನಿನಿಂದಲೇ ಸಂಭವಿಸುತ್ತವೆ.

ಆ) ತುಡುವೆ ಜೇನು ಮತ್ತು ಕೋಲು ಜೇನು: ತುಡುವೆಯು ಮರದ ಪೊಟರೆ, ಗೋಡೆಯ ಸಂದು ಹಾಗೂ ಸಾಕಣೆ ಪೆಟ್ಟಿಗೆಗಳಲ್ಲಿಯೂ, ಕೋಲು ಜೇನು ಪೊದೆ ಹಾಗೂ ಬೇಲಿಗಳಲ್ಲಿಯೂ ಇರುತ್ತದೆ. ಇವು ಹೆಜ್ಜೇನಿನಷ್ಟು ಆಕ್ರಮಣಕಾರಿಯಲ್ಲ. ಆದಾಗ್ಯೂ ಅಲರ್ಜಿ ಇರುವವರಿಗೆ ಇವುಗಳ ಒಂದು ಕಡಿತವೂ ಅಪಾಯಕಾರಿಯಾಗಬಹುದು.

ಇ) ಕಣಜ (ಕಡಜ): ಕಾಗದದಂತಹ ತೆಳು ಪದರದ ಗೂಡು ಕಟ್ಟುವ ಇವು ಮನೆಯ ಮಾಡು, ಬಾಗಿಲ ಚೌಕಟ್ಟು, ಪೊದೆ ಹಾಗೂ ಮರದ ಪೊಟರೆಗಳಲ್ಲಿ ಕಂಡುಬರುತ್ತವೆ. ಜೇನುಹುಳು ಒಮ್ಮೆ ಕಡಿದಾಗ ಅದರ ಮುಳ್ಳು ವಿಷದ ಚೀಲದೊಂದಿಗೆ ಚರ್ಮದಲ್ಲಿಯೇ ಉಳಿದು ಹುಳು ಸಾಯುತ್ತದೆ. ಕಣಜದ ಮುಳ್ಳು ಉಳಿಯುವುದಿಲ್ಲ. ಆದ್ದರಿಂದ ಒಂದೇ ಕಣಜ ಹಲವು ಬಾರಿ ಕಡಿಯಬಲ್ಲದು.

ಕಡಿದ ಜಾಗದಲ್ಲಿ ಮುಳ್ಳು ಉಳಿದಿದೆಯೇ ಇಲ್ಲವೇ ಎಂಬುದನ್ನು ಗಮನಿಸಿ ವೈದ್ಯರಿಗೆ ತಿಳಿಸತಕ್ಕದ್ದು. ಜೇನಿನ ವಿಷ ಹಾಗೂ ಕಣಜದ ವಿಷ ಒಂದೇ ಅಲ್ಲ. ಒಂದಕ್ಕೆ ಅಲರ್ಜಿ ಇರುವವರಿಗೆ ಮತ್ತೊಂದಕ್ಕೂ ಇರಲೇಬೇಕೆಂದಿಲ್ಲ.

3. ಸಾಮಾನ್ಯ ಪರಿಣಾಮ ಹಾಗೂ ದೊಡ್ಡ ಬಾವು

ಸಾಮಾನ್ಯ ಕಡಿತದಲ್ಲಿ ಉರಿ, ಕೆಂಪು ಹಾಗೂ ಸಣ್ಣ ಬಾವು ಕಾಣಿಸಿಕೊಂಡು ಒಂದೆರಡು ದಿನಗಳಲ್ಲಿ ಕಡಿಮೆಯಾಗುತ್ತದೆ. ಕೆಲವರಲ್ಲಿ ಬಾವು 10 ಸೆಂ.ಮೀ.ಗಿಂತಲೂ ಅಗಲವಾಗಿ ಹರಡುತ್ತದೆ. ಉದಾಹರಣೆಗೆ, ಬೆರಳಿಗೆ ಕಡಿದಲ್ಲಿ ಮೊಣಕೈವರೆಗೆ ಬಾವು ಬರಬಹುದು. ಇದು 24ರಿಂದ 48 ಗಂಟೆಗಳಲ್ಲಿ ಗರಿಷ್ಠ ಮಟ್ಟ ತಲುಪಿ, 5ರಿಂದ 10 ದಿನಗಳವರೆಗೆ ಇರಬಹುದು. ಇದು ಬಹುತೇಕ ಅಲರ್ಜಿಯ ಬಾವೇ ಹೊರತು ಕೀವಿನ ಸೋಂಕಲ್ಲ. ವೈದ್ಯರ ಸಲಹೆಯಿಲ್ಲದೆ ಆಂಟಿಬಯಾಟಿಕ್ ಮಾತ್ರೆಗಳನ್ನು ಸೇವಿಸಬಾರದು. ಜ್ವರ, ಕೀವು ಅಥವಾ ಮೂರು ದಿನಗಳ ನಂತರವೂ ಹೆಚ್ಚುತ್ತಿರುವ ನೋವು ಇದ್ದಲ್ಲಿ ವೈದ್ಯರಿಗೆ ತೋರಿಸುವುದು.

ಬಾವು ಎಷ್ಟೇ ದೊಡ್ಡದಾಗಿದ್ದರೂ ಕಡಿದ ಅಂಗಕ್ಕೆ ಸೀಮಿತವಾಗಿದ್ದಲ್ಲಿ ಸಾಮಾನ್ಯವಾಗಿ ಪ್ರಾಣಾಪಾಯವಿಲ್ಲ. ಆದರೆ ಬಾಯಿ, ನಾಲಿಗೆ ಅಥವಾ ಗಂಟಲಿನೊಳಗೆ ಕಡಿದಲ್ಲಿ ಅಲರ್ಜಿ ಇಲ್ಲದವರಿಗೂ ಬಾವಿನಿಂದ ಉಸಿರಿನ ದಾರಿ ಮುಚ್ಚುವ ಸಂಭವವಿರುವುದರಿಂದ ತಕ್ಷಣ ಆಸ್ಪತ್ರೆಗೆ ತೆರಳತಕ್ಕದ್ದು.

4. ತೀವ್ರ ಅಲರ್ಜಿ (ಅನಾಫಿಲ್ಯಾಕ್ಸಿಸ್)

ಹಿಂದೊಮ್ಮೆ ಕಡಿದಾಗ ದೇಹವು ವಿಷದ ಅಂಶವನ್ನು ಶತ್ರುವೆಂದು ಗುರುತಿಸಿಟ್ಟುಕೊಂಡು, ಮುಂದಿನ ಕಡಿತದಲ್ಲಿ ಮಿತಿಮೀರಿ ಪ್ರತಿಕ್ರಿಯಿಸುವುದೇ ಈ ಸ್ಥಿತಿ. ಇದಕ್ಕೆ ಈ ಹೆಸರನ್ನು ಫ್ರೆಂಚ್ ವಿಜ್ಞಾನಿಗಳಾದ ಚಾರ್ಲ್ಸ್ ರಿಷೆ ಹಾಗೂ ಪಾಲ್ ಪೋರ್ತಿಯೆ ಅವರು 1902ರಲ್ಲಿ ನೀಡಿದರು. ಇದೇ ಕುರಿತ ಸಂಶೋಧನೆಗಾಗಿ ರಿಷೆ ಅವರಿಗೆ 1913ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಇಲ್ಲಿ ವಿಷದ ಪ್ರಮಾಣ ಮುಖ್ಯವಲ್ಲ. ಒಂದೇ ಕಡಿತ ಸಾಕಾಗುತ್ತದೆ.

ಸಾಮಾನ್ಯ ಲಕ್ಷಣಗಳು:

- ಕಡಿದ ಜಾಗದಿಂದ ದೂರದಲ್ಲಿ, ಮೈತುಂಬ ತುರಿಕೆ ಮತ್ತು ದದ್ದು (ಪಿತ್ತದ ಗಂಧೆ)
- ತುಟಿ, ಕಣ್ಣುರೆಪ್ಪೆ, ನಾಲಿಗೆ ಬಾವು
- ಧ್ವನಿ ಒಡೆಯುವುದು, ನುಂಗಲು ಕಷ್ಟ, ಉಬ್ಬಸ, ಏದುಸಿರು
- ವಾಂತಿ, ಹೊಟ್ಟೆ ನುಲಿತ, ಭೇದಿ
- ತಲೆಸುತ್ತು, ಕಣ್ಣು ಕತ್ತಲೆ, ಮೈ ತಣ್ಣಗಾಗುವುದು, ಪ್ರಜ್ಞೆ ತಪ್ಪುವುದು

ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಒಂದು ಗಂಟೆಯೊಳಗೆ ಈ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ.

ಜನರು ಗುರುತಿಸಲು ತಪ್ಪುವ, ಅಸಾಮಾನ್ಯ ರೂಪಗಳು:

ಅ) ದದ್ದಿಲ್ಲದ ಕುಸಿತ: ಮೈಮೇಲೆ ಒಂದೂ ದದ್ದು ಕಾಣದೆ, ನೇರವಾಗಿ ರಕ್ತದೊತ್ತಡ ಕುಸಿದು ವ್ಯಕ್ತಿ ನೆಲಕ್ಕುರುಳಬಹುದು. ಅತಿ ತೀವ್ರ ಪ್ರಕರಣಗಳಲ್ಲಿಯೇ ಹೀಗಾಗುವುದು ಹೆಚ್ಚು. ಇದನ್ನು ಹೆದರಿಕೆ, ಬಿಸಿಲಿನ ಬಳಲಿಕೆ ಅಥವಾ ಹೃದಯಾಘಾತವೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯಿದೆ.

ಆ) ಹೊಟ್ಟೆಯ ತೊಂದರೆಯಾಗಿ ತೋರುವುದು: ಕಡಿತದ ನಂತರ ಪದೇ ಪದೇ ವಾಂತಿ ಅಥವಾ ಭೇದಿ ಆದಲ್ಲಿ ಅದನ್ನು ಊಟದ ದೋಷವೆಂದು ಕಡೆಗಣಿಸಬಾರದು.

ಇ) ಎರಡನೆಯ ಅಲೆ: ಚಿಕಿತ್ಸೆಯಿಂದ ಗುಣವಾದಂತೆ ಕಂಡು, ಕೆಲವು ಗಂಟೆಗಳ ನಂತರ ಮತ್ತೆ ಕಡಿತವಿಲ್ಲದೆಯೇ ಅದೇ ಲಕ್ಷಣಗಳು ಮರುಕಳಿಸಬಹುದು. ಅಪರೂಪವಾಗಿ 72 ಗಂಟೆಗಳವರೆಗೂ ಈ ಸಂಭವವಿರುತ್ತದೆ. ಆದ್ದರಿಂದ ವೈದ್ಯರು ಹೇಳುವ ಮೊದಲೇ ಆಸ್ಪತ್ರೆಯಿಂದ ಮನೆಗೆ ತೆರಳಬಾರದು.

ಈ) ಹೃದಯದ ಮೇಲಿನ ಪರಿಣಾಮ: ಅಲರ್ಜಿಯ ಸಮಯದಲ್ಲಿ ಬಿಡುಗಡೆಯಾಗುವ ರಾಸಾಯನಿಕಗಳಿಂದ ಹೃದಯದ ರಕ್ತನಾಳ ಸೆಡೆತುಕೊಂಡು ಎದೆನೋವು ಹಾಗೂ ಹೃದಯಾಘಾತ ಉಂಟಾಗಬಹುದು. ಗ್ರೀಸ್ ದೇಶದ ವೈದ್ಯ ನಿಕೋಲಸ್ ಕೌನಿಸ್ ಅವರು 1991ರಲ್ಲಿ ವಿವರಿಸಿದ ಇದನ್ನು ಕೌನಿಸ್ ಸಿಂಡ್ರೋಮ್ ಎನ್ನಲಾಗುತ್ತದೆ. ಹೃದಯರೋಗವಿಲ್ಲದ ಯುವಕರಲ್ಲಿಯೂ ಇದು ವರದಿಯಾಗಿದೆ. ಕಡಿತದ ನಂತರ ಎದೆನೋವು ಬಂದಲ್ಲಿ ಇ.ಸಿ.ಜಿ. ಮಾಡಿಸುವುದು ಅವಶ್ಯ.

‘ಈ ಮೊದಲು ಎಷ್ಟೋ ಬಾರಿ ಕಡಿದಿದೆ, ಏನೂ ಆಗಿಲ್ಲ’ ಎಂಬುದು ರಕ್ಷಣೆಯಲ್ಲ. ಅಲರ್ಜಿಯಿಂದ ಮೃತಪಟ್ಟವರಲ್ಲಿ ಅನೇಕರಿಗೆ ಹಿಂದೆ ಯಾವುದೇ ತೀವ್ರ ಪ್ರತಿಕ್ರಿಯೆ ಆಗಿರಲಿಲ್ಲವೆಂಬುದು ವೈದ್ಯಕೀಯ ಅಧ್ಯಯನಗಳಿಂದ ತಿಳಿದುಬಂದಿದೆ.

5. ಅನೇಕ ಹುಳುಗಳ ಕಡಿತದಿಂದ ವಿಷಬಾಧೆ

ಇದು ಅಲರ್ಜಿಯಲ್ಲ. ಯಾವ ವ್ಯಕ್ತಿಗಾದರೂ ವಿಷದ ಪ್ರಮಾಣ ಹೆಚ್ಚಾದಲ್ಲಿ ಉಂಟಾಗುವ ಬಾಧೆಯಾಗಿದೆ. ಜೇನಿನ ವಿಷದ ಒಣ ತೂಕದಲ್ಲಿ ಸುಮಾರು ಅರ್ಧದಷ್ಟು ಮೆಲಿಟಿನ್ ಎಂಬ ಅಂಶವಿರುತ್ತದೆ. ಇದು ಹಾಗೂ ವಿಷದಲ್ಲಿನ ಇತರ ಅಂಶಗಳು ಸೇರಿ ಕೆಂಪು ರಕ್ತಕಣಗಳನ್ನೂ ಸ್ನಾಯುಗಳನ್ನೂ ಒಡೆಯುತ್ತವೆ. ಒಡೆದ ಕಣಗಳಿಂದ ಹೊರಬಂದ ವಸ್ತುಗಳು ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಸಿಲುಕಿ ಅವುಗಳ ಕಾರ್ಯ ನಿಲ್ಲುವ ಅಪಾಯವಿರುತ್ತದೆ.

ಈ ಬಾಧೆಯ ಮುಖ್ಯ ಲಕ್ಷಣವೇ ವಿಳಂಬ. ಮೊದಲ ದಿನ ನೋವು, ವಾಂತಿ, ಸುಸ್ತು ಮಾತ್ರ ಇರಬಹುದು. 24ರಿಂದ 72 ಗಂಟೆಗಳಲ್ಲಿ ಈ ಕೆಳಗಿನ ಸೂಚನೆಗಳು ಕಾಣಿಸಿಕೊಳ್ಳಬಹುದು:

- ಮೂತ್ರವು ಕಡುಚಹಾದ ಬಣ್ಣಕ್ಕೆ ಅಥವಾ ಕೆಂಪು ಬಣ್ಣಕ್ಕೆ ತಿರುಗುವುದು
- ಮೂತ್ರದ ಪ್ರಮಾಣ ಕಡಿಮೆಯಾಗುವುದು ಅಥವಾ ನಿಲ್ಲುವುದು
- ಮೈಕೈ ಸ್ನಾಯುಗಳಲ್ಲಿ ತೀವ್ರ ನೋವು
- ಕಣ್ಣು ಹಳದಿಯಾಗುವುದು, ಮುಖ ಹಾಗೂ ಕಾಲು ಬಾವು
- ಒಸಡು ಅಥವಾ ಮೂಗಿನಿಂದ ರಕ್ತಸ್ರಾವ, ಮಂಕು ಕವಿಯುವುದು

ಪ್ರೌಢರಿಗೆ 50ಕ್ಕೂ ಹೆಚ್ಚು ಕಡಿತಗಳಾಗಿದ್ದಲ್ಲಿ, ಯಾವುದೇ ತೊಂದರೆ ಕಾಣದಿದ್ದರೂ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ನಿಗಾದಲ್ಲಿರುವುದು ಸೂಕ್ತ. ಮಕ್ಕಳು, ವೃದ್ಧರು, ಗರ್ಭಿಣಿಯರು ಹಾಗೂ ಹೃದಯ ಅಥವಾ ಮೂತ್ರಪಿಂಡದ ರೋಗಿಗಳಿಗೆ ಇದಕ್ಕಿಂತ ಕಡಿಮೆ ಸಂಖ್ಯೆಯೂ ಅಪಾಯಕಾರಿ. ಹಾವಿನ ವಿಷಕ್ಕೆ ಇರುವಂತೆ ಜೇನಿನ ವಿಷಕ್ಕೆ ಆಸ್ಪತ್ರೆಗಳಲ್ಲಿ ಪ್ರತಿವಿಷದ ಚುಚ್ಚುಮದ್ದು ಇರುವುದಿಲ್ಲ. ರಕ್ತನಾಳದ ಮೂಲಕ ದ್ರವ ನೀಡುವುದು, ರಕ್ತ ಹಾಗೂ ಮೂತ್ರ ಪರೀಕ್ಷೆಗಳಿಂದ ನಿಗಾ ವಹಿಸುವುದು ಮತ್ತು ಅವಶ್ಯವಿದ್ದಲ್ಲಿ ಡಯಾಲಿಸಿಸ್ ಮಾಡುವುದೇ ಚಿಕಿತ್ಸೆ. ಸಕಾಲದಲ್ಲಿ ಡಯಾಲಿಸಿಸ್ ದೊರೆತಲ್ಲಿ ಅನೇಕ ರೋಗಿಗಳ ಮೂತ್ರಪಿಂಡಗಳು ಕೆಲವು ವಾರಗಳಲ್ಲಿ ಮತ್ತೆ ಕಾರ್ಯನಿರ್ವಹಿಸುತ್ತವೆ.

6. ಅಪರೂಪದ ಇತರ ಪರಿಣಾಮಗಳು

ಅ) ಕಣ್ಣಿನ ಕಡಿತ: ಕಣ್ಣುಗುಡ್ಡೆಗೆ ಮುಳ್ಳು ನಾಟಿದಲ್ಲಿ ಪಾರದರ್ಶಕ ಪಟಲಕ್ಕೆ ಹಾನಿ, ಕಣ್ಣಿನ ಪೊರೆ, ಒತ್ತಡ ಹೆಚ್ಚಳ ಹಾಗೂ ದೃಷ್ಟಿ ನರದ ಉರಿಯೂತ ಉಂಟಾಗಬಹುದು. ಮನೆಯಲ್ಲಿ ಮುಳ್ಳು ತೆಗೆಯಲು ಪ್ರಯತ್ನಿಸದೆ, ಕಣ್ಣನ್ನು ಉಜ್ಜದೆ ನೇತ್ರತಜ್ಞರಲ್ಲಿಗೆ ತೆರಳತಕ್ಕದ್ದು.

ಆ) ತಡವಾದ ಒಗ್ಗದಿಕೆ: ಕಡಿದ ಒಂದು ವಾರ ಅಥವಾ ಹತ್ತು ದಿನಗಳ ನಂತರ ಜ್ವರ, ಕೀಲುನೋವು, ದದ್ದು ಹಾಗೂ ಗ್ರಂಥಿ ಬಾವು ಕಾಣಿಸಿಕೊಳ್ಳಬಹುದು. ಇಂತಹವರಿಗೆ ಮುಂದಿನ ಕಡಿತದಲ್ಲಿ ತೀವ್ರ ಅಲರ್ಜಿಯ ಸಂಭವವೂ ಇರುತ್ತದೆ.

ಇ) ನರಮಂಡಲ: ಪಾರ್ಶ್ವವಾಯು, ನರಗಳ ಉರಿಯೂತ ಹಾಗೂ ಕೈಕಾಲು ಬಲಹೀನತೆ ಅತಿ ವಿರಳವಾಗಿ ವರದಿಯಾಗಿವೆ.

ಈ) ಮೂತ್ರದಲ್ಲಿ ಪ್ರೋಟೀನ್ ಸೋರಿಕೆ: ವಿರಳವಾಗಿ, ಕಡಿತದ ಕೆಲವು ದಿನಗಳ ನಂತರ ಮುಖ ಹಾಗೂ ಕಾಲು ಊದಿಕೊಳ್ಳುವ ಮೂತ್ರಪಿಂಡದ ತೊಂದರೆ ಕಂಡುಬಂದಿದೆ.

ಇಂತಹ ಲಕ್ಷಣಗಳಿಗಾಗಿ ವೈದ್ಯರಲ್ಲಿಗೆ ತೆರಳುವವರು ಹಿಂದಿನ ವಾರಗಳಲ್ಲಿ ಆದ ಕಡಿತವನ್ನು ತಪ್ಪದೆ ತಿಳಿಸತಕ್ಕದ್ದು. ರೋಗಿಯು ಹೇಳದಿದ್ದಲ್ಲಿ ಎರಡಕ್ಕೂ ಇರುವ ಸಂಬಂಧ ಗಮನಕ್ಕೆ ಬಾರದೇ ಹೋಗಬಹುದು.

7. ವಿಶೇಷ ಎಚ್ಚರಿಕೆ ಅವಶ್ಯವಿರುವವರು

- ಹಿಂದಿನ ಕಡಿತದಲ್ಲಿ ಮೈತುಂಬ ದದ್ದು, ಉಬ್ಬಸ ಅಥವಾ ಪ್ರಜ್ಞೆ ತಪ್ಪಿದ ಅನುಭವವಿರುವವರು
- ಹತೋಟಿಯಲ್ಲಿಲ್ಲದ ಉಬ್ಬಸ ಇರುವವರು, ಹೃದಯರೋಗಿಗಳು
- ರಕ್ತದೊತ್ತಡ ಅಥವಾ ಹೃದಯರೋಗಕ್ಕಾಗಿ ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಮುಂತಾದ ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರು. ಇವರಲ್ಲಿ ಅಡ್ರಿನಾಲಿನ್ ಚುಚ್ಚುಮದ್ದಿನ ಪರಿಣಾಮ ಕುಗ್ಗಬಹುದು. ಆದರೆ ವೈದ್ಯರ ಸಲಹೆಯಿಲ್ಲದೆ ಈ ಮಾತ್ರೆಗಳನ್ನು ನಿಲ್ಲಿಸಬಾರದು.
- ಜೇನು ಸಾಕಣೆದಾರರು ಹಾಗೂ ಅವರ ಕುಟುಂಬದವರು
- ಮಾಸ್ಟೊಸೈಟೋಸಿಸ್ ಎಂಬ ಅಪರೂಪದ ರಕ್ತಸಂಬಂಧಿ ಕಾಯಿಲೆ ಇರುವವರು. ದದ್ದಿಲ್ಲದೆ ಕುಸಿದು ಬಿದ್ದವರಲ್ಲಿ ಈ ಕಾಯಿಲೆ ಇದೆಯೇ ಎಂದು ಪರೀಕ್ಷಿಸಲಾಗುತ್ತದೆ.

8. ಪ್ರಥಮ ಚಿಕಿತ್ಸೆ

1) ಗೂಡಿನಿಂದ ದೂರ ಓಡಿ ಮನೆ ಅಥವಾ ವಾಹನದೊಳಗೆ ಸೇರಿ ಬಾಗಿಲು ಮುಚ್ಚುವುದು. ಟವೆಲ್, ಸೆರಗು ಅಥವಾ ಕಂಬಳಿಯಿಂದ ಮುಖ ಮತ್ತು ಕತ್ತು ಮುಚ್ಚಿಕೊಳ್ಳುವುದು. ಕೈಬೀಸಿ ಹುಳುಗಳನ್ನು ಹೊಡೆಯಬಾರದು. ಕಡಿದ ಜೇನಿನಿಂದ ಹೊರಡುವ, ಮಾಗಿದ ಬಾಳೆಹಣ್ಣನ್ನು ಹೋಲುವ ವಾಸನೆಯು ಇತರ ಹುಳುಗಳನ್ನೂ ಅದೇ ಜಾಗಕ್ಕೆ ಸೆಳೆಯುತ್ತದೆ. ಕೆರೆ, ಬಾವಿ, ಕಾಲುವೆಗೆ ಹಾರುವುದು ಅಪಾಯಕಾರಿ. ಹುಳುಗಳು ನೀರಿನ ಮೇಲೆಯೇ ಸುತ್ತುತ್ತಿರುತ್ತವೆ, ಮುಳುಗುವ ಸಂಭವವೂ ಇರುತ್ತದೆ.

2) ಮುಳ್ಳನ್ನು ಕೂಡಲೇ ಉಗುರಿನಿಂದ ಕೆರೆದು ಅಥವಾ ಕಿತ್ತು ತೆಗೆಯುವುದು. ವಿಷದ ಚೀಲದಲ್ಲಿನ ಹೆಚ್ಚಿನ ಭಾಗ 20 ಸೆಕೆಂಡುಗಳಲ್ಲಿಯೇ ದೇಹ ಸೇರುತ್ತದೆ. ಆದ್ದರಿಂದ ತೆಗೆಯುವ ವಿಧಾನಕ್ಕಿಂತ ವೇಗ ಮುಖ್ಯ.

3) ಉಂಗುರ, ಬಳೆ, ಕಾಲುಂಗುರ, ಕೈಗಡಿಯಾರಗಳನ್ನು ಬಾವು ಬರುವ ಮುನ್ನವೇ ತೆಗೆಯುವುದು. ಸಾಬೂನು ನೀರಿನಿಂದ ತೊಳೆದು ತಣ್ಣೀರ ಬಟ್ಟೆ ಇಡುವುದು.

4) ತಲೆಸುತ್ತು ಇದ್ದಲ್ಲಿ ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸುವುದು. ಉಸಿರಾಟದ ಕಷ್ಟವಿದ್ದಲ್ಲಿ ಒರಗಿಸಿ ಕೂರಿಸುವುದು. ವಾಂತಿಯಾಗುತ್ತಿದ್ದಲ್ಲಿ ಅಥವಾ ಪ್ರಜ್ಞೆ ತಪ್ಪಿದ್ದಲ್ಲಿ ಮಗ್ಗುಲಾಗಿ ಮಲಗಿಸುವುದು. ರಕ್ತದೊತ್ತಡ ಕುಸಿದವರನ್ನು ಏಕಾಏಕಿ ಎಬ್ಬಿಸಿ ನಿಲ್ಲಿಸುವುದರಿಂದ ಸಾವು ಸಂಭವಿಸಿದ ಉದಾಹರಣೆಗಳಿವೆ. ಇಂತಹವರನ್ನು ದ್ವಿಚಕ್ರ ವಾಹನದಲ್ಲಿ ಕೂರಿಸಿ ಸಾಗಿಸುವುದು ಸೂಕ್ತವಲ್ಲ.

5) 108ಕ್ಕೆ ಕರೆ ಮಾಡಿ, ‘ಜೇನು ಕಡಿದಿದೆ, ಉಸಿರಾಟಕ್ಕೆ ತೊಂದರೆಯಾಗಿದೆ’ ಎಂದು ಸ್ಪಷ್ಟವಾಗಿ ತಿಳಿಸುವುದು. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಆರಂಭವಾದ ಈ ಆಂಬುಲೆನ್ಸ್ ಸೇವೆ ಉಚಿತವಾಗಿರುತ್ತದೆ. ತುರ್ತು ಸಂಖ್ಯೆ 112ಕ್ಕೂ ಕರೆ ಮಾಡಬಹುದು.

ಸುಣ್ಣ, ಸೀಮೆಎಣ್ಣೆ, ಮಣ್ಣು, ಸಗಣಿ ಹಚ್ಚುವುದು, ಕಬ್ಬಿಣ ತಿಕ್ಕುವುದು ಮುಂತಾದವುಗಳಿಂದ ತೀವ್ರ ಅಲರ್ಜಿ ನಿಲ್ಲುವುದಿಲ್ಲ. ಇವುಗಳಲ್ಲಿ ಕಳೆಯುವ ಸಮಯವೇ ಪ್ರಾಣಕ್ಕೆ ಎರವಾಗಬಹುದು. ಕಣ್ಣಿನ ಬಳಿ ಸುಣ್ಣ ಹಚ್ಚುವುದರಿಂದ ದೃಷ್ಟಿಗೇ ಧಕ್ಕೆಯಾಗುತ್ತದೆ.

9. ಆಸ್ಪತ್ರೆಯಲ್ಲಿ ದೊರೆಯುವ ಚಿಕಿತ್ಸೆ

ತೀವ್ರ ಅಲರ್ಜಿಗೆ ಮೊದಲ ಔಷಧ ಅಡ್ರಿನಾಲಿನ್ ಚುಚ್ಚುಮದ್ದು. ಇದನ್ನು ತೊಡೆಯ ಹೊರಭಾಗದ ಸ್ನಾಯುವಿಗೆ, ದೇಹತೂಕದ ಪ್ರತಿ ಕಿ.ಗ್ರಾಂ.ಗೆ 0.01 ಮಿ.ಗ್ರಾಂ.ನಂತೆ, ಪ್ರೌಢರಿಗೆ ಗರಿಷ್ಠ 0.5 ಮಿ.ಗ್ರಾಂ. ಪ್ರಮಾಣದಲ್ಲಿ ವೈದ್ಯ ಸಿಬ್ಬಂದಿ ನೀಡುತ್ತಾರೆ. ಅವಶ್ಯವಿದ್ದಲ್ಲಿ 5ರಿಂದ 15 ನಿಮಿಷಗಳ ಅಂತರದಲ್ಲಿ ಮತ್ತೆ ನೀಡಲಾಗುತ್ತದೆ. ಸೆಟ್ರಿಜಿನ್‌ನಂತಹ ಅಲರ್ಜಿ ಮಾತ್ರೆ ಹಾಗೂ ಸ್ಟೀರಾಯ್ಡ್ ಚುಚ್ಚುಮದ್ದು ತುರಿಕೆ ಮುಂತಾದವುಗಳಿಗೆ ಸಹಕಾರಿಯಾದರೂ ಅಡ್ರಿನಾಲಿನ್‌ಗೆ ಬದಲಿಯಲ್ಲ. ಮಾತ್ರೆ ನುಂಗಿಸಿ ಮನೆಯಲ್ಲಿ ಕಾಯುವುದು ಅಪಾಯಕರ.

ಅಡ್ರಿನಾಲಿನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಪ್ರಾಥಮಿಕ ಹಂತದಿಂದಲೇ ಸೇರಿರುವ ಔಷಧವಾಗಿದೆ. ಆದ್ದರಿಂದ ಉಸಿರಾಟದ ತೊಂದರೆ ಅಥವಾ ಕುಸಿತ ಕಂಡುಬಂದಲ್ಲಿ ದೂರದ ದೊಡ್ಡ ಆಸ್ಪತ್ರೆಗೆ ನೇರವಾಗಿ ಹೊರಡುವ ಬದಲು, ವೈದ್ಯರಿರುವ ಅತಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಆಸ್ಪತ್ರೆಯಲ್ಲಿ ಮೊದಲ ಚುಚ್ಚುಮದ್ದು ಪಡೆದು ಮುಂದುವರಿಯುವುದು ಸೂಕ್ತ. ರಾಮದುರ್ಗದಿಂದ ಬೆಳಗಾವಿಗೆ ಸುಮಾರು 100 ಕಿ.ಮೀ. ದೂರವಿದ್ದು, ತೀವ್ರ ಅಲರ್ಜಿಯ ರೋಗಿಗೆ ಅಷ್ಟು ಹೊತ್ತು ಕಾಯುವ ಅವಕಾಶ ಇರುವುದಿಲ್ಲ.

ಅನೇಕ ಹುಳು ಕಡಿದ ರೋಗಿಗಳ ವಿಷಯದಲ್ಲಿ ಕ್ರಮ ಬೇರೆ. ಇವರನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಥಿರಗೊಳಿಸಿ, ಮೂತ್ರಪಿಂಡದ ತೊಂದರೆಯ ಸೂಚನೆಯಿದ್ದಲ್ಲಿ ಡಯಾಲಿಸಿಸ್ ಹಾಗೂ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಬಿಮ್ಸ್) ಜಿಲ್ಲಾ ಆಸ್ಪತ್ರೆ, ಇಲ್ಲವೇ ಕಿತ್ತೂರು ಹಾಗೂ ಸವದತ್ತಿ ಭಾಗದವರಿಗೆ ಧಾರವಾಡ–ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗಳು ಅನುಕೂಲಕರ.

10. ವೈದ್ಯರಿಗೆ ತಿಳಿಸಬೇಕಾದ ಸಂಗತಿಗಳು

ರೋಗಿಯ ಜೊತೆಗೆ ಬರುವವರು ಈ ಕೆಳಗಿನ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದು ತರುವುದು:

ಅ) ಕಡಿದ ದಿನಾಂಕ, ಗಂಟೆ ಹಾಗೂ ಸ್ಥಳ
ಆ) ಹೆಜ್ಜೇನೋ, ತುಡುವೆಯೋ, ಕಣಜವೋ, ಮುಳ್ಳು ಉಳಿದಿತ್ತೇ
ಇ) ಕಡಿತಗಳ ಅಂದಾಜು ಸಂಖ್ಯೆ
ಈ) ಮೊದಲ ಲಕ್ಷಣ ಎಷ್ಟು ನಿಮಿಷಗಳ ನಂತರ ಕಾಣಿಸಿತು
ಉ) ನಿತ್ಯ ಸೇವಿಸುವ ಮಾತ್ರೆಗಳು, ಹಿಂದಿನ ಅಲರ್ಜಿ, ಗರ್ಭಿಣಿಯಾಗಿದ್ದಲ್ಲಿ ಆ ವಿವರ
ಊ) ಕೊನೆಯ ಬಾರಿ ಮೂತ್ರ ಹೋದ ವೇಳೆ ಹಾಗೂ ಅದರ ಬಣ್ಣ
ಋ) ದಾರಿಯಲ್ಲಿ ನೀಡಿದ ಚುಚ್ಚುಮದ್ದು ಅಥವಾ ಮಾತ್ರೆಗಳ ಹೆಸರು ಮತ್ತು ವೇಳೆ

11. ಗುಣವಾದ ನಂತರ

ತೀವ್ರ ಅಲರ್ಜಿಯಿಂದ ಪಾರಾದವರು ನಾಲ್ಕರಿಂದ ಆರು ವಾರಗಳ ನಂತರ ಅಲರ್ಜಿ ತಜ್ಞರನ್ನು ಕಂಡು ಚರ್ಮ ಅಥವಾ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು. ವಿಷದ ಅತಿ ಸೂಕ್ಷ್ಮ ಪ್ರಮಾಣವನ್ನು ಹಂತಹಂತವಾಗಿ ನೀಡಿ ದೇಹವನ್ನು ಒಗ್ಗಿಸುವ ಇಮ್ಯುನೋಥೆರಪಿ ಎಂಬ ಚಿಕಿತ್ಸೆಯಿದ್ದು, ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಪಡೆಯಬೇಕಾಗುತ್ತದೆ. ಇದು ತಾಲ್ಲೂಕು ಮಟ್ಟದ ಚಿಕಿತ್ಸೆಯಲ್ಲ. ತಜ್ಞರ ಸಲಹೆಯಂತೆ ಮುಂದುವರಿಯತಕ್ಕದ್ದು. ತಾವೇ ಚುಚ್ಚಿಕೊಳ್ಳಬಹುದಾದ ಅಡ್ರಿನಾಲಿನ್ ಪೆನ್ನು ಎಲ್ಲೆಡೆ ಸುಲಭವಾಗಿ ದೊರೆಯದಿರುವುದರಿಂದ, ಹೊಲಕ್ಕೆ ಒಬ್ಬರೇ ಹೋಗದಿರುವುದು, ಮೊಬೈಲ್ ಜೊತೆಯಲ್ಲಿಟ್ಟುಕೊಳ್ಳುವುದು ಹಾಗೂ ‘ಜೇನು ಕಡಿತದ ಅಲರ್ಜಿ ಇದೆ’ ಎಂಬ ಚೀಟಿಯನ್ನು ಕಿಸೆಯಲ್ಲಿಟ್ಟುಕೊಳ್ಳುವುದು ಅವಶ್ಯ. ಕೀಲುನೋವಿಗೆಂದು ಜೇನುಹುಳುವಿನಿಂದ ಕಡಿಸಿಕೊಳ್ಳುವ ಪದ್ಧತಿಯಿಂದ ದೂರವಿರತಕ್ಕದ್ದು.

12. ಚಿಕಿತ್ಸಾ ವೆಚ್ಚ, ದಾಖಲೆ ಹಾಗೂ ವಿಮೆ

ಅ) ತುರ್ತು ಚಿಕಿತ್ಸೆ: ಸರ್ಕಾರಿ ಇರಲಿ, ಖಾಸಗಿ ಇರಲಿ, ಪ್ರಾಣ ಉಳಿಸುವ ತುರ್ತು ಚಿಕಿತ್ಸೆ ನೀಡುವುದು ಪ್ರತಿಯೊಬ್ಬ ವೈದ್ಯರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲಿ ತೀರ್ಪು ನೀಡಿದೆ.

ಆ) ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ: 2018ರಲ್ಲಿ ಜಾರಿಗೆ ಬಂದ ಈ ಯೋಜನೆಯಡಿ ಅರ್ಹ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ಗಳವರೆಗೆ ಚಿಕಿತ್ಸಾ ಸೌಲಭ್ಯವಿರುತ್ತದೆ. ಆಧಾರ್ ಹಾಗೂ ಪಡಿತರ ಚೀಟಿಯನ್ನು ಆಸ್ಪತ್ರೆಗೆ ತರತಕ್ಕದ್ದು. ಉನ್ನತ ಆಸ್ಪತ್ರೆಗೆ ತೆರಳುವ ಮುನ್ನ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಅವಶ್ಯವೇ ಎಂಬುದನ್ನು ಅಲ್ಲಿನ ಸಿಬ್ಬಂದಿಯಿಂದ ಖಚಿತಪಡಿಸಿಕೊಳ್ಳುವುದು.

ಇ) ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ: 18ರಿಂದ 70 ವರ್ಷದ ಬ್ಯಾಂಕ್ ಅಥವಾ ಅಂಚೆ ಖಾತೆದಾರರಿಗಾಗಿ 2015ರಲ್ಲಿ ಆರಂಭವಾದ ಅಪಘಾತ ವಿಮೆಯಾಗಿದ್ದು, 2022ರ ಜೂನ್ 1ರಿಂದ ವಾರ್ಷಿಕ ಕಂತು 20 ರೂ. ಆಗಿರುತ್ತದೆ. ಅಪಘಾತದಿಂದ ಮರಣ ಹೊಂದಿದಲ್ಲಿ 2 ಲಕ್ಷ ರೂ., ಒಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ನಷ್ಟವಾದಲ್ಲಿ 1 ಲಕ್ಷ ರೂ. ಪರಿಹಾರವಿದೆ. ಹಾವು ಕಡಿತ, ಮರದಿಂದ ಬೀಳುವುದು ಮುಂತಾದ ಘಟನೆಗಳಲ್ಲಿ ಕಾರಣವನ್ನು ತಕ್ಷಣದ ಆಸ್ಪತ್ರೆ ದಾಖಲೆಯಿಂದ ಸಾಬೀತುಪಡಿಸಬೇಕಾಗುತ್ತದೆ. ಆದ್ದರಿಂದ ಜೇನು ಕಡಿತದ ಸಂದರ್ಭದಲ್ಲಿಯೂ ಹೊರರೋಗಿ ಚೀಟಿ ಹಾಗೂ ಬಿಡುಗಡೆ ಪತ್ರದಲ್ಲಿ ‘ಜೇನು ಕಡಿತ’ ಎಂಬ ಕಾರಣ ನಮೂದಾಗಿರುವುದನ್ನು ನೋಡಿಕೊಳ್ಳತಕ್ಕದ್ದು. ಪರಿಹಾರ ಮಂಜೂರಾತಿಯು ವಿಮಾ ಕಂಪನಿಯ ಪರಿಶೀಲನೆಗೆ ಒಳಪಟ್ಟಿರುತ್ತದೆ. ಅರ್ಜಿಯನ್ನು ಸಾಧ್ಯವಾದಷ್ಟೂ 30 ದಿನಗಳೊಳಗೆ ಖಾತೆಯಿರುವ ಶಾಖೆಗೆ ಸಲ್ಲಿಸುವುದು.

ಈ) ಚಿಕಿತ್ಸಾ ದಾಖಲೆಗಳು: 2002ರ ವೈದ್ಯಕೀಯ ವೃತ್ತಿ ನಡವಳಿಕೆ ನಿಯಮಾವಳಿಯಂತೆ, ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೋರಿದ 72 ಗಂಟೆಗಳೊಳಗೆ ದಾಖಲೆಗಳನ್ನು ಒದಗಿಸಬೇಕಾಗಿರುತ್ತದೆ.

ಉ) ಮರಣ ಸಂಭವಿಸಿದಲ್ಲಿ: ಪ್ರಾಣಿಯಿಂದ ಅಥವಾ ಅಪಘಾತದಿಂದ ಉಂಟಾದ ಸಾವಿನ ಮಾಹಿತಿ ದೊರೆತಾಗ ಪೊಲೀಸ್ ಠಾಣಾಧಿಕಾರಿಯು ವಿಚಾರಣೆ ನಡೆಸುವ ಬಗ್ಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 194ರಲ್ಲಿ ಅವಕಾಶವಿದೆ. ಠಾಣೆಗೆ ತಿಳಿಸದೆ, ಮರಣೋತ್ತರ ಪರೀಕ್ಷೆಯಿಲ್ಲದೆ ಅಂತ್ಯಕ್ರಿಯೆ ನಡೆಸಿದಲ್ಲಿ ಸಾವಿನ ಕಾರಣವನ್ನು ನಂತರ ದೃಢಪಡಿಸುವುದು ಕಷ್ಟವಾಗುತ್ತದೆ. ಮರಣವನ್ನು 21 ದಿನಗಳೊಳಗೆ ಸ್ಥಳೀಯ ಜನನ ಮರಣ ನೋಂದಣಾಧಿಕಾರಿಯಲ್ಲಿ ನೋಂದಾಯಿಸತಕ್ಕದ್ದು.

13. ಮುಂಜಾಗ್ರತೆ

ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ ಹಾಗೂ ಭಾರತ ಹುಣ್ಣಿಮೆಯಂದು, ರಾಮದುರ್ಗ ತಾಲ್ಲೂಕಿನ ಗೊಡಚಿ ವೀರಭದ್ರೇಶ್ವರ ಜಾತ್ರೆಯಲ್ಲಿ ಅಪಾರ ಜನ ಸೇರುತ್ತಾರೆ. ಇಂತಹ ಸ್ಥಳಗಳಲ್ಲಿ ಹಾಗೂ ಸೊಗಲ, ನವಿಲುತೀರ್ಥ, ಕಿತ್ತೂರು ಕೋಟೆ ಮುಂತಾದ ಪ್ರವಾಸಿ ತಾಣಗಳಲ್ಲಿ ಜೇನುಗೂಡು ಕಂಡುಬಂದಲ್ಲಿ ಅದರ ಕೆಳಗೆ ಒಲೆ ಹೂಡುವುದು, ಕಸ ಸುಡುವುದು, ಪಟಾಕಿ ಹಾರಿಸುವುದು ಹಾಗೂ ಕಲ್ಲೆಸೆಯುವುದನ್ನು ಮಾಡಬಾರದು. ಕಬ್ಬಿನ ಕಟಾವಿಗೆ ಮುನ್ನ ಬದುವಿನ ಮರ ಮತ್ತು ಪೊದೆಗಳನ್ನು ನೋಡಿಕೊಳ್ಳುವುದು.

ಹೆಜ್ಜೇನು ಕಾಲಕ್ಕೆ ತಕ್ಕಂತೆ ಗೂಡು ಬಿಟ್ಟು ವಲಸೆ ಹೋಗುವುದರಿಂದ ಎಲ್ಲ ಗೂಡುಗಳನ್ನೂ ತೆಗೆಸುವ ಅವಶ್ಯಕತೆಯಿರುವುದಿಲ್ಲ. ಸೂರ್ಯಕಾಂತಿ, ಈರುಳ್ಳಿ ಬೀಜ ಹಾಗೂ ಹಣ್ಣಿನ ಬೆಳೆಗಳ ಪರಾಗಸ್ಪರ್ಶಕ್ಕೆ ಜೇನು ಅವಶ್ಯಕ. ಶಾಲೆ, ಅಂಗನವಾಡಿ, ಆಸ್ಪತ್ರೆ ಮುಂತಾದೆಡೆ ಅಪಾಯವಿದ್ದಲ್ಲಿ ಗ್ರಾಮ ಪಂಚಾಯಿತಿ ಅಥವಾ ಪುರಸಭೆಗೆ ಸ್ಥಳದ ಗುರುತು ಸಹಿತ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯುವುದು. ಸಾರ್ವಜನಿಕರು ತಾವೇ ಬೆಂಕಿ ಅಥವಾ ಕೀಟನಾಶಕದಿಂದ ಗೂಡು ತೆಗೆಯಲು ಮುಂದಾಗಬಾರದು.

14. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಡಿದು ಎರಡು ಗಂಟೆಯಾಗಿದೆ, ಕಡಿದ ಜಾಗದಲ್ಲಿ ಬಾವು ಮಾತ್ರ ಇದೆ. ಆಸ್ಪತ್ರೆಗೆ ಹೋಗಬೇಕೇ?
ಉತ್ತರ: ಒಂದೆರಡು ಕಡಿತವಾಗಿದ್ದು, ಹಿಂದೆ ಅಲರ್ಜಿ ಆಗಿರದಿದ್ದಲ್ಲಿ ಹಾಗೂ ಬಾಯಿ ಅಥವಾ ಕಣ್ಣಿಗೆ ಕಡಿದಿರದಿದ್ದಲ್ಲಿ ಮನೆಯಲ್ಲಿಯೇ ಗಮನಿಸಬಹುದು. ಹೊಸ ಲಕ್ಷಣ ಕಂಡಲ್ಲಿ ಕೂಡಲೇ ತೆರಳುವುದು.

ಪ್ರಶ್ನೆ: ಮಗುವಿಗೆ ಕಡಿತದ ನಂತರ ಮೈತುಂಬ ದದ್ದು ಎದ್ದಿತ್ತು, ಬೇರೆ ತೊಂದರೆ ಇರಲಿಲ್ಲ. ಮುಂದೆ ಅಪಾಯವೇ?
ಉತ್ತರ: ದದ್ದು ಮಾತ್ರ ಬಂದ ಬಹುಪಾಲು ಮಕ್ಕಳಲ್ಲಿ ಮುಂದಿನ ಕಡಿತ ಹೆಚ್ಚು ತೀವ್ರವಾಗುವುದಿಲ್ಲ. ಆದರೂ ವೈದ್ಯರ ಸಲಹೆ ಪಡೆದು, ಶಾಲೆಯ ಶಿಕ್ಷಕರಿಗೆ ವಿಷಯ ತಿಳಿಸಿರುವುದು ಒಳಿತು.

ಪ್ರಶ್ನೆ: ಗರ್ಭಿಣಿಗೆ ಅಡ್ರಿನಾಲಿನ್ ನೀಡಬಹುದೇ?
ಉತ್ತರ: ನೀಡಬಹುದು. ತೀವ್ರ ಅಲರ್ಜಿಯಲ್ಲಿ ಚಿಕಿತ್ಸೆ ತಡವಾದಲ್ಲಿ ತಾಯಿ ಮತ್ತು ಶಿಶು ಇಬ್ಬರಿಗೂ ಹೆಚ್ಚು ಅಪಾಯ. ಮಗ್ಗುಲಾಗಿ, ಎಡಕ್ಕೆ ಮಲಗಿಸಿ ಸಾಗಿಸತಕ್ಕದ್ದು.

ಪ್ರಶ್ನೆ: ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಏನನ್ನು ಗಮನಿಸಬೇಕು?
ಉತ್ತರ: ಮೂರು ದಿನಗಳವರೆಗೆ ಮೂತ್ರದ ಬಣ್ಣ ಹಾಗೂ ಪ್ರಮಾಣ, ಉಸಿರಾಟ ಮತ್ತು ದದ್ದುಗಳನ್ನು ಗಮನಿಸುವುದು. ಬದಲಾವಣೆ ಕಂಡಲ್ಲಿ ಬಿಡುಗಡೆ ಪತ್ರದೊಂದಿಗೆ ಮರಳಿ ಆಸ್ಪತ್ರೆಗೆ ಬರುವುದು.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಸಲಹೆಗೆ ಬದಲಿಯಾಗಿರುವುದಿಲ್ಲ. ಹೆಚ್ಚಿನ ಮಾಹಿತಿಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಅಥವಾ ಸಂಬಂಧಪಟ್ಟ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ತುರ್ತು ಸಂದರ್ಭದಲ್ಲಿ ಯಾವುದೇ ಕಚೇರಿಯನ್ನು ಸಂಪರ್ಕಿಸುವ ಮೊದಲು 108ಕ್ಕೆ ಕರೆ ಮಾಡಲು ಕೋರಲಾಗಿದೆ.